ಜೊತೆಯಿಲ್ಲದ ಬಟ್ಟಲು

ಪೆರು ದೇಶದ ಪರ್ವತಗಳ ನೆತ್ತಿಯಲ್ಲಿ, ಮೋಡಗಳಿಗೂ ಮೇಲೆ, ವಾಯ್ರಾಮಾರ್ಕವೆಂಬ ಶಿಲಾನಗರಿ ಇನ್ನೂ ತಲೆಯೆತ್ತಿ ನಿಂತಿತ್ತು. ಬಿಸಿಲೇರುವ ಹೊತ್ತಿಗೆ ಅಂಗಳಗಳಲ್ಲಿ ಹೆಂಗಸರು ಮೆಕ್ಕೆಜೋಳ ಅರೆಯುತ್ತಿದ್ದರು. ಮಂಜಿಗೆ ಹೆಪ್ಪುಗಟ್ಟಿದ ಆಲೂಗಡ್ಡೆಯನ್ನು ಬರಿಗಾಲಲ್ಲಿ ತುಳಿದು ನೀರು ತೆಗೆಯುತ್ತಿದ್ದರು. ನದಿಯಾಚೆಯ ಕಣಿವೆಗಳೆಲ್ಲ ಗಡ್ಡದ ಸ್ಪೇನಿಗರ ವಶವಾಗಿದ್ದವು. ಅಲ್ಲಿನ ಜನ ಈಗ ಅವರ ಬೆಳ್ಳಿಗಣಿಯಲ್ಲಿ ಕೆಮ್ಮುತ್ತಿದ್ದರು.

ಪಾವ್ಕಾರ್ ಅರಮನೆಯ ಬಟ್ಟಲುಗಾರ. ಮರದ ಬಟ್ಟಲು ಕೆತ್ತುವುದು, ಸಭೆಯಲ್ಲಿ ಅದನ್ನು ಅರಸನ ಕೈಗೆ ಕೊಡುವುದು ಅವನ ಕೆಲಸ. ಆ ನಾಡಿನಲ್ಲಿ ಬಟ್ಟಲೆಂದರೆ ಎರಡು, ಒಂದೇ ಮರದವು. ಕೊಡುವವನೂ ಕುಡಿಯಬೇಕು. ಒಂಟಿ ಬಟ್ಟಲು ಹೆಣದ ಪಕ್ಕಕ್ಕೆ ಮಾತ್ರ. ಮೂರು ತಿಂಗಳ ಹಿಂದೆ ಅವನೇ ಅಂಥದೊಂದನ್ನು ಹೂತಿದ್ದ. ಉಪ್ಪು ತರಲು ಕೆಳಗಿಳಿದ ಹೆಂಡತಿ ಚಿಂಪುವಿನ ಬೆನ್ನಿಗೆ ಸ್ಪೇನಿಗರು ಹೊರೆ ಹೇರಿ ನಡೆಸಿದ್ದರು. ದಾರಿಯಲ್ಲೇ ಸತ್ತಳು.

ಈಗ ಸ್ಪೇನಿನ ದೂತ ಸಂಧಿಯ ಮಾತು ಹೊತ್ತು ಸಭೆಗೆ ಬಂದ. ಅವನು ತಂದ ಬೆಳ್ಳಿಯ ಬಟ್ಟಲಿನ ತುಂಬ ದ್ರಾಕ್ಷಾರಸ. ಅರಸನ ಸೋದರಮಾವನೂ ಮಂತ್ರಿಯೂ ಆದ ರಿಮಾಚಿ ತಾನೇ ಅದನ್ನು ಎತ್ತಿ ಹಿಡಿದ.

“ಪ್ರಭುಗಳು ಸ್ವೀಕರಿಸಬೇಕು. ಸ್ನೇಹದ ಕಾಣಿಕೆ.”

ತರುಣ ಅರಸ ಕೈಚಾಚಿದ.

“ಇದರ ಜೊತೆ ಎಲ್ಲಿ?” ಎಂದ ಪಾವ್ಕಾರ್.

“ಹೆಂಡತಿ ಹೋದ ಮೇಲೆ ಕಂಡದ್ದಕ್ಕೆಲ್ಲ ಜೊತೆ ಹುಡುಕುತ್ತೀಯೇನೋ?” ಎಂದ ಮಂತ್ರಿ. ಸಭೆ ನಕ್ಕಿತು.

ಪಾವ್ಕಾರ್ ಬೆಳ್ಳಿ ಬಟ್ಟಲನ್ನು ತೆಗೆದುಕೊಂಡ. ರಸವನ್ನು ತನ್ನ ಎರಡು ಮರದ ಬಟ್ಟಲಿಗೆ ಬಗ್ಗಿಸಿ, ಒಂದನ್ನು ದೂತನ ಮುಂದೆ ಹಿಡಿದ. “ಮೊದಲು ತಾವು.”

“ಇಂದು ನನಗೆ ಉಪವಾಸ,” ಎಂದ ದೂತ.

“ಹಾಗಾದರೆ ಮಂತ್ರಿಗಳು.”

“ನನಗೆ ಜ್ವರ.” ರಿಮಾಚಿ ಹಿಂದೆ ಸರಿದ. ಮರುಕ್ಷಣ ಕೂಗಿದ: “ಪ್ರಭೂ, ಇವನು ಬಟ್ಟಲಿಗೆ ಏನು ಸವರಿದ್ದಾನೋ! ಯಾರು ಕುಡಿದಾರು? ಹಿಡಿಯಿರಿ ಇವನನ್ನು!”

ಭಟರು ತೋಳು ಹಿಡಿದರು. ಅರಸ ಒಮ್ಮೆ ಮಾವನನ್ನು, ಒಮ್ಮೆ ಬಟ್ಟಲುಗಾರನನ್ನು ನೋಡಿದ. ಈಗ ಮಾವನನ್ನು ನಂಬಿದರೆ ನಾಳೆ ಇನ್ನೊಂದು ಬೆಳ್ಳಿ ಬಟ್ಟಲು ಬರುತ್ತದೆ, ಆಗ ತಡೆಯಲು ಯಾರೂ ಇರುವುದಿಲ್ಲ ಎಂದು ಪಾವ್ಕಾರನಿಗೆ ಗೊತ್ತಿತ್ತು.

“ಬೆಳ್ಳಿ ಬಟ್ಟಲಿಗೆ ನನ್ನ ಮರ ಸೋಕಿಲ್ಲ, ಒಡೆಯಾ. ತಳದಲ್ಲಿ ಮೂರು ಗುಟುಕು ಉಳಿಸಿದ್ದೇನೆ.”

ತೋಳು ಕೊಡವಿ, ಅದನ್ನು ಎತ್ತಿ ಕುಡಿದ.

“ಹುಳಿ,” ಎಂದ. ಸ್ವಲ್ಪ ಹೊತ್ತಿಗೆ ಮೊಣಕಾಲು ಕುಸಿಯಿತು.

ದೂತ ಕತ್ತಿಗೆ ಕೈಹಾಕುವ ಮೊದಲೇ ಈಟಿಗಳು ಅವನ ಎದೆಗೆ ಬಂದಿದ್ದವು.

“ಮಾವಾ, ನಿಮಗೆ ಜ್ವರವಲ್ಲವೇ?” ಎಂದ ಅರಸ. “ಕೆಳಗೆ ಬೆಚ್ಚಗಿರುತ್ತದೆ. ಈ ದೂತನ ಸಂಗಡ ಹೋಗಿ. ನೀವು ನದಿ ದಾಟಿದೊಡನೆ ಸೇತುವೆ ಕಡಿಸುತ್ತೇನೆ.”

ಅನಂತರ ಅರಸ ಪೀಠದಿಂದ ಎದ್ದು ನಿಂತ. ಅರಸ ನಿಂತಿರುವಾಗ ಯಾರೂ ಕೂರುವಂತಿಲ್ಲ. ಸಭೆಯೆಲ್ಲ ಎದ್ದಿತು. ಪಾವ್ಕಾರನ ಉಸಿರು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಅವರು ನಿಂತೇ ಇದ್ದರು.