ಮೊಣಕಾಲಿನ ಪಕ್ಕದ ಪುಟ್ಟ ಕೀಲು

ಪರದೆ ಸರಿಸಿ ಒಳಬಂದ ಫಿಸಿಯೋಥೆರಪಿಸ್ಟ್, ಮಂಚದ ಮೇಲೆ ಕೂತಿದ್ದವನನ್ನು ಕಂಡು ಅಲ್ಲೇ ನಿಂತುಬಿಟ್ಟಳು.

ಅವನೇ... ಒಂದು ಕಾಲದಲ್ಲಿ ಅವಳ ಜೊತೆ ಕುಣಿಯುತ್ತಿದ್ದವನು. ಅವಳನ್ನು ಮದುವೆಯಾಗಬೇಕಿದ್ದವನು.

"ನೀವು ಇಲ್ಲಿರ್ತೀರಾ ಅಂತ ಗೊತ್ತಿರಲಿಲ್ಲ," ಎಂದ. "ಬೇರೆಯವರನ್ನ ಕರೀತೀರಾ?"

ಆ 'ನೀವು' ಎದೆಗೇ ನಾಟಿತು.

"ಇವತ್ತು ನಾನೊಬ್ಬಳೇ ಇರೋದು. ಎಲ್ಲಿ ನೋವು?"

"ಅದೇ ಎಡಗಾಲು. ಈಗ ಬಸ್ ಓಡಿಸ್ತೀನಿ. ಕ್ಲಚ್ ತುಳಿದಾಗೆಲ್ಲ ಚುಚ್ಚುತ್ತೆ."

ಅದೇ ಎಡಗಾಲು... ದೊಡ್ಡ ಪ್ರದರ್ಶನದ ಹಿಂದಿನ ದಿನ ತಾಲೀಮಿನಲ್ಲಿ ಹಾರಿ, ತಿರುಗಿ ಇಳಿದವನು ಆ ಕಾಲು ಹಿಡಿದು ಕುಸಿದಿದ್ದ. ಮೊಣಕಾಲಿನ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಆದರೂ ಅವನು ವೇದಿಕೆ ಹತ್ತಲಿಲ್ಲ.

"ನೆಪ ಯಾಕೆ? ನನ್ನ ಜೊತೆ ಇರೋಕೆ ಇಷ್ಟ ಇಲ್ಲ ಅಂತ ನೇರವಾಗೇ ಹೇಳು," ಎಂದು ತಂಡದವರೆಲ್ಲರ ಎದುರು ಹೇಳಿ, ಅವಳು ತಿರುಗಿ ನೋಡದೆ ಹೊರಟಿದ್ದಳು.

ಈಗ ಮೊಣಕಾಲನ್ನು ಮಡಿಸಿ ನೋಡಿದಳು. ಸಲೀಸಾಗಿ ಮಡಿಯಿತು, ಎಲ್ಲೂ ಸಡಿಲವಿರಲಿಲ್ಲ. ಆಮೇಲೆ ಅದರ ಹೊರಮಗ್ಗುಲಲ್ಲಿ, ಸ್ವಲ್ಪ ಕೆಳಗೆ ಉಬ್ಬಿದ್ದ ಎಲುಬಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಮುಂದಕ್ಕೆ ಒತ್ತಿದಳು.

ಅದು ಜರುಗಿತು. ಅವನು ಹಲ್ಲು ಕಚ್ಚಿದ.

ಅವಳು ಬಲಗಾಲಿನ ಅದೇ ಜಾಗವನ್ನೂ ಒತ್ತಿ ನೋಡಿದಳು; ಅದು ಅಷ್ಟು ಜರುಗಲಿಲ್ಲ.

"ಏನಾಯ್ತು?"

"ನಿನ್ನ ಮೊಣಕಾಲು ಚೆನ್ನಾಗೇ ಇದೆ. ಅದರ ಪಕ್ಕ ಇನ್ನೊಂದು ಪುಟ್ಟ ಕೀಲಿದೆ. ಕಾಲಿನ ಸಣ್ಣ ಎಲುಬು ದೊಡ್ಡದಕ್ಕೆ ಕೂಡೋ ಜಾಗ. ಪಾದ ಆಡಿಸಿದಾಗ, ಕಾಲು ತಿರುಚಿದಾಗ ಅದು ಚೂರೇ ಚೂರು ಜರುಗಿ ಆ ಎಳೆತ ತಡ್ಕೊಳ್ಳುತ್ತೆ. ನಿಂದು ಅವತ್ತೇ ಸಡಿಲ ಆಗಿರಬೇಕು."

ಅವನು ಆ ಎಲುಬಿನ ತುದಿಯನ್ನು ತಾನೇ ಮುಟ್ಟಿ ನೋಡಿಕೊಂಡ.

"ಬರ್ತಾ ಬರ್ತಾ ನಂಗೇ ಅನುಮಾನ ಬಂದಿತ್ತು... ನಾನು ನಿಜವಾಗ್ಲೂ ನೆಪ ಹೇಳಿದ್ನೇನೋ ಅಂತ."

ಅವಳಿಗೆ ತಡೆಯಲಾಗಲಿಲ್ಲ. ಕಣ್ಣು ತುಂಬಿತು. 'ಇವನ ಮಾತು ನಂಬೋಕೆ ನಂಗೆ ಎಕ್ಸ್‌ರೇ ಯಾಕೆ ಬೇಕಿತ್ತು?'

"ವಾಸಿ ಆಗುತ್ತಾ?"

"ಪಟ್ಟಿ ಕಟ್ಟಿ, ತೊಡೆಯ ಹಿಂಭಾಗಕ್ಕೆ ವ್ಯಾಯಾಮ ಮಾಡಿಸ್ತೀನಿ. ನೋವು ಇಳಿಯುತ್ತೆ, ಬಸ್ ಓಡಿಸಬಹುದು. ಕುಣಿಯೋದು... ಮಾತು ಕೊಡೋಕಾಗಲ್ಲ."

ಅವನು ಮುಖ ಕಿಟಕಿಯ ಕಡೆ ತಿರುಗಿಸಿದ.

"ತಪ್ಪಾಯ್ತು ಕಣೋ," ಎಂದಳು. "ಕಳೆದದ್ದನ್ನ ವಾಪಸ್ ಕೊಡೋಕೆ ನನ್ನ ಕೈಲಾಗಲ್ಲ. ಆದ್ರೆ ಆಮೇಲೆ ಇನ್ನೊಬ್ಬರ ಜೊತೆ ಕುಣಿಯೋಕೂ ನಂಗೆ ಆಗಲಿಲ್ಲ. ಈಗಲೂ ನೀನೇ ಬೇಕು."

"ನನ್ನ ಸಿಟ್ಟಿನ್ನೂ ಹೋಗಿಲ್ಲ."

"ಗೊತ್ತು."

"ಪ್ರೀತಿನೂ ಹೋಗಿಲ್ಲ. ಅದಕ್ಕೇ ಕಷ್ಟ."

ಅವಳು ಪಟ್ಟಿ ಸುತ್ತಿದಳು. ಅವನು ಕೆಳಗಿಳಿದು ನಿಂತವನು ತುಸು ವಾಲಿದ. ಅವಳು ಹೆಗಲು ಕೊಟ್ಟಳು.

"ಭಾರ ಆಗ್ತೀನಿ," ಎಂದ.

"ಆಗು."