ಹದಿನೆಂಟು ಬಳೆಗಳ ಕಂಬ

ಹದಿನಾಲ್ಕು ಅಡಿಯ ಮರದ ಕಂಬವನ್ನು ಒಂದೇ ತುಂಡಿನಲ್ಲಿ ಕಡೆಯುತ್ತೇನೆಂದಾಗ ಬೈಲಹೊಂಗಲವೆಲ್ಲ ನಕ್ಕಿತ್ತು; ಮರ ತಿರುಗಿಸುವ ನನ್ನ ಲೇತಿಗೆ ಏಳಡಿಗಿಂತ ಉದ್ದದ್ದು ಹಿಡಿಸುತ್ತಿರಲಿಲ್ಲ. ಸಂಗೊಳ್ಳಿಯಲ್ಲಿ ಕಂಬ ಕಡೆಯುತ್ತಿದ್ದು ತೀರಿಹೋದ ರಾಮಲಿಂಗಪ್ಪನವರ ಲೇತ್ ತಂದು ನನ್ನ ಲೇತಿನ ತುದಿಗೆ ಬೋಲ್ಟು ಬಿಗಿದೆ. ಎರಡೂ ಒಂದೇ ದನಿಯಲ್ಲಿ ತಿರುಗಿದವು!

ಮಧ್ಯಾಹ್ನದ ಹೊತ್ತಿಗೆ ಕಂಬದ ನನ್ನ ಅರ್ಧದಲ್ಲಿ ಸುತ್ತಲೂ ಬಳೆಯಂಥ ಒಂಬತ್ತು ಉಬ್ಬುಗೆರೆ ಕೊರೆದು ತಲೆಯೆತ್ತಿದೆ. ರಾಮಲಿಂಗಪ್ಪನವರ ಲೇತಿನ ಮೇಲಿದ್ದ ಆಚೆಯ ಅರ್ಧಕ್ಕೆ ನಾನಿನ್ನೂ ಉಳಿ ಮುಟ್ಟಿಸಿರಲಿಲ್ಲ. ಅಲ್ಲೂ ಒಂಬತ್ತು ಬಳೆ ಮೂಡಿದ್ದವು. ನಾನು ಹೆರೆದ ಮರದ ಸಿಪ್ಪೆಯೆಲ್ಲ ಬಲಕ್ಕೆ ಬಿದ್ದಿದ್ದರೆ ಅಲ್ಲಿಯದು ಎಡಕ್ಕೆ ಬಿದ್ದಿತ್ತು, ಇನ್ನೂ ಬೆಚ್ಚಗಿತ್ತು.

ನೋಡಲು ಬಂದ ರಾಮಲಿಂಗಪ್ಪನವರ ಹೆಂಡತಿ ಮರೆವ್ವ ಸಿಪ್ಪೆ ಮುಟ್ಟಿ ನಕ್ಕರು. “ನಮ್ಮವರು ಎಡಚ ಇದ್ರು, ಅಣ್ಣಾರ. ಹೆದರಬ್ಯಾಡ್ರಿ. ಹಿಡಿದ ಕೆಲಸ ಅರ್ಧಕ್ಕ ಬಿಡೂ ಮಂದಿ ಅಲ್ಲ ಅವರು.”

ಕಂಬ ಈಗ ಸವದತ್ತಿಯ ಒಂದು ಪಡಸಾಲೆಯಲ್ಲಿ ನಿಂತಿದೆ. ನಾಲ್ಕು ತಾಲೂಕಿನಲ್ಲಿ ಅಂಥದ್ದಿಲ್ಲ. ಬಂದವರೆಲ್ಲ ನನ್ನ ಕೈ ಹೊಗಳುತ್ತಾರೆ. ಹದಿನೆಂಟು ಬಳೆಗಳಲ್ಲಿ ನಾನು ಕೊರೆದದ್ದು ಒಂಬತ್ತೇ.