ಚಿಂದಿಯಕ್ಕನ ಚಿತ್ರ ಕಳುವಾದ ಪ್ರಕರಣ

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ದೂರು ಕೇಳಿ ಹೆಡ್ ಕಾನ್‌ಸ್ಟೇಬಲ್‌ಗೆ ನಗು ತಡೆಯಲಾಗಲಿಲ್ಲ. ಯಾರದೋ ಚಿಂದಿ ಬಟ್ಟೆ ಕಳುವಾಗಿದೆಯಂತೆ ಎಂದು ಒಳಗೆ ಬಂದು ಹೇಳಿದ. ಇನ್ಸ್‌ಪೆಕ್ಟರ್ ಮೇಡಂ ಕನ್ನಡಕದ ಮೇಲಿಂದ ಒಮ್ಮೆ ನೋಡಿದರು. ನಗು ಅಲ್ಲಿಗೇ ನಿಂತಿತು.

ದೂರು ಕೊಡಲು ಬಂದಾಕೆ ಐವತ್ತು ದಾಟಿದ ಹೆಂಗಸು, ಎಷ್ಟೋ ವರ್ಷಗಳ ಹಿಂದೆ ಗಡಿ ದಾಟಿ ಬಂದು ಈ ಊರಲ್ಲಿ ನೆಲೆ ನಿಂತವಳು. ಹಳೇ ಬಟ್ಟೆ, ತಗಡು, ಬಸ್ ಟಿಕೆಟ್ಟು, ಅಂಗಿಯ ಗುಂಡಿ, ಕೈಗೆ ಸಿಕ್ಕಿದ್ದನ್ನೆಲ್ಲ ಹಲಗೆಯ ಮೇಲೆ ಅಂಟಿಸಿ, ಹೊಲಿದು, ಬಣ್ಣ ಬಳಿದು ಚಿತ್ರ ಮಾಡುತ್ತಾಳೆ. ತಿಳಿದವರು ಅದನ್ನು ಕೊಲಾಜ್ ಅನ್ನುತ್ತಾರೆ, ಬೀದಿಯವರು ಅವಳನ್ನು ಚಿಂದಿಯಕ್ಕ ಅನ್ನುತ್ತಾರೆ. ಎರಡಕ್ಕೂ ಅವಳ ತಕರಾರಿಲ್ಲ. ಬರುವ ಭಾನುವಾರ ಅವಳ ಮೊದಲ ಪ್ರದರ್ಶನ. ಸೋಮವಾರ ಕಳೆದು ಬೆಳಗಾಗುವಷ್ಟರಲ್ಲಿ ಗ್ಯಾಲರಿಯಿಂದ ಎಲ್ಲಕ್ಕಿಂತ ದೊಡ್ಡ ಚಿತ್ರವೇ ಮಾಯವಾಗಿತ್ತು.

"ಇನ್ನೊಂದು ಮಾಡೋಕಾಗಲ್ವಾ?" ಮೇಡಂ ಕೇಳಿದರು.

"ನಮ್ಮಮ್ಮನ ಶಾಲು ಅದರಲ್ಲಿದೆ. ನಮ್ಮ ಮನೆ ಬಾಗಿಲಿನ ನಂಬರ್ ತಗಡೂ ಇದೆ. ಆ ಮನೆ ಈಗಿಲ್ಲ, ಬೀದೀನೂ ಇಲ್ಲ. ಎಲ್ಲಿಂದ ತರಲಿ ಮೇಡಂ?"

ಮೇಡಂ ಎಫ್‌ಐಆರ್ ದಾಖಲಿಸಿ, ಹನ್ನೆರಡಕ್ಕೆ ಸಾಕ್ಷಿಗೆ ಪಂಚರನ್ನು ಕರೆದುಕೊಂಡು ಗ್ಯಾಲರಿಗೆ ಹೊರಟರು.

ಅಲ್ಲಿ ಕಾವಲುಗಾರ ತಾತ ಬಾಗಿಲಲ್ಲೇ ನಿಂತಿದ್ದ. ಬೀಗದ ಕೈ ಅವನ ಹತ್ತಿರವೇ ಇದ್ದುದರಿಂದ ಎಲ್ಲರ ಬೆರಳೂ ಅವನತ್ತಲೇ ತಿರುಗಿತ್ತು. ಹೊರಗಿನವರು ಯಾರೂ ಬಂದಿಲ್ಲ, ಮಕ್ಕಳಾಣೆ ಅಂದ. ಬೀಗ ಒಡೆದಿರಲಿಲ್ಲ, ಕಿಟಕಿಗಳೂ ಭದ್ರವಾಗಿದ್ದವು. ಗೋಡೆಯ ಮೇಲೆ ಖಾಲಿ ಚೌಕಟ್ಟು ಮಾತ್ರ ನೇರವಾಗಿ ತೂಗುತ್ತಿತ್ತು. ಪಂಚನಾಮೆಗೆಂದು ಅದನ್ನು ಇಳಿಸಿ ಹಿಂದುಮುಂದು ಮಾಡಿದಾಗ ಮೇಡಂ ಅವರ ಹುಬ್ಬೇರಿತು. ಚಿತ್ರ ಬಿಡಿಸಲು ಹಿಂಬದಿಯ ಸಣ್ಣ ಮೊಳೆಗಳನ್ನೆಲ್ಲ ಕಿತ್ತಿದ್ದ ಕಳ್ಳ, ಒಂದೊಂದನ್ನೂ ಮತ್ತೆ ಅದರದರ ತೂತಿಗೇ ಕೂರಿಸಿ ಹೋಗಿದ್ದ. ಅಲ್ಲಾ, ಕಳ್ಳನಾದವನಿಗೆ ಇಷ್ಟು ವ್ಯವಧಾನ ಎಲ್ಲಿಂದ ಬಂತು? ಚಿತ್ರ ಹೋದರೂ ಪರವಾಗಿಲ್ಲ, ಚೌಕಟ್ಟು ಸೊಟ್ಟಗಾಗಬಾರದು ಅನ್ನುವ ಮನುಷ್ಯ ಯಾರಿದ್ದಾನು?

"ತಾತ, ಈ ಚೌಕಟ್ಟು ಹಾಕಿದ್ದು ಯಾರು?"

"ಹಿಂದಿನ ಬೀದಿಯ ಫ್ರೇಮಿನವನು. ನಿನ್ನೆ ಸಂಜೆ ಕೊಕ್ಕೆ ಬಿಗಿ ಮಾಡೋಕೆ ಬಂದಿದ್ದ."

"ಯಾರೂ ಬಂದಿಲ್ಲ ಅಂದ್ರಿ?"

"ಹೊರಗಿನವರು ಬಂದಿಲ್ಲ ಅಂದೆ. ಅವನು ಹೊರಗಿನವನಾ ಮೇಡಂ?"

ಮೇಡಂ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಕಾಗದ ಸುತ್ತಿದ ಹಲಗೆ ಹೊತ್ತು ಫ್ರೇಮಿನವನು ಬೀದಿಯಲ್ಲಿ ಹೋದರೆ ಯಾರು ತಾನೆ ತಡೆದು ಕೇಳುತ್ತಾರೆ? ತಾತನಿಗೆ ಮನೆಗೆ ಹೋಗಿ ಊಟ ಮಾಡಲು ಹೇಳಿದರು. ಪಾಪ, ಮುದುಕ ಅಲ್ಲೇ ಕುರ್ಚಿಗೆ ಕುಸಿದು ದೊಡ್ಡದಾಗಿ ಉಸಿರುಬಿಟ್ಟ.

ಫ್ರೇಮಿನವನ ಅಂಗಡಿ ಮುಚ್ಚಿತ್ತು, ಅದರ ಹಿಂದೆಯೇ ಮನೆ. ಪೊಲೀಸರನ್ನು ಕಂಡು ಅವನು ಓಡಲಿಲ್ಲ, ಬಾಗಿಲು ಪೂರ್ತಿ ತೆರೆದು ಪಕ್ಕಕ್ಕೆ ಸರಿದ. ಮಂಚದ ಕೆಳಗೆ ಒಗೆದ ಕಂಬಳಿಯಲ್ಲಿ ಸುತ್ತಿಟ್ಟ ಚಿತ್ರ ಸಿಕ್ಕಿತು. ಶಾಲು, ತಗಡು ಎಲ್ಲ ಇದ್ದಲ್ಲೇ ಇದ್ದವು. ಶಾಲಿನ ಮೇಲೆ ಅಂಟಿಸಿದ್ದ ಒಂದು ಪುಟ್ಟ ಜೇಬಿನ ಮೂಲೆ ಮಾತ್ರ ಸ್ವಲ್ಪ ಎದ್ದಿತ್ತು. ಒಳಗಿನಿಂದ ಬಂದ ಅವನ ಹೆಂಡತಿ ಅದನ್ನು ನೋಡಿದವಳೇ ಗೋಡೆ ಹಿಡಿದು ನಿಂತಳು.

"ಮೊಳೆ ಯಾಕೆ ವಾಪಸ್ ಹೊಡೆದೆ?"

"ಹಾಗೇ ಬಿಟ್ಟರೆ ಚೌಕಟ್ಟು ಸಡಿಲ ಆಗುತ್ತಲ್ಲ ಮೇಡಂ."

"ಈ ಜೇಬು ಯಾರದು?"

ಅವನು ಹೆಂಡತಿಯ ಮುಖ ನೋಡಿದ. ಮೇಡಂ ಕಾದರು. ಕೊನೆಗೆ ಎಲ್ಲ ಹೊರಬಂತು. ಇದ್ದೊಬ್ಬ ಮಗಳು ನಾಲ್ಕು ವರ್ಷದ ಹಿಂದೆ ಜ್ವರದಲ್ಲಿ ತೀರಿಕೊಂಡಿದ್ದಳು. ಫ್ರಾಕಿಗೆ ಜೇಬು ಬೇಕೇ ಬೇಕು ಎಂದು ಹಟ ಹಿಡಿದಿದ್ದಳಂತೆ. ಅಂಗಡಿಯ ಏಪ್ರನ್ ಕತ್ತರಿಸಿ, ದಪ್ಪ ದಾರದಲ್ಲಿ ಸೊಟ್ಟಸೊಟ್ಟಾಗಿ ಇವನೇ ಹೊಲಿದುಕೊಟ್ಟಿದ್ದ. ಮಗು ಹೋದ ಮೇಲೆ ಹೆಂಡತಿ ಬಟ್ಟೆಯನ್ನೆಲ್ಲ ಚಿಂದಿ ಗಾಡಿಗೆ ಹಾಕಿಬಿಟ್ಟಳು. ಇವನು ಒಂದು ಮಾತೂ ಆಡಲಿಲ್ಲ. ಆ ಚಿಂದಿಯೇ ಅಕ್ಕನ ಕೈ ಸೇರಿ, ಚಿತ್ರವಾಗಿ, ಚೌಕಟ್ಟು ಹಾಕಿಸಿಕೊಳ್ಳಲು ಇವನ ಮೇಜಿನ ಮೇಲೇ ಬಂದು ಕೂತಿತ್ತು. ಜೇಬನ್ನಷ್ಟೇ ಬಿಡಿಸಿಕೊಂಡು ಚಿತ್ರ ವಾಪಸ್ ಇಡೋಣ ಅಂದುಕೊಂಡಿದ್ದ. ಆದರೆ ಎಬ್ಬಿಸಲು ಹೋದರೆ ಕೆಳಗಿನ ಶಾಲು ಹರಿಯುತ್ತಿತ್ತು, ಅದಕ್ಕೆ ಕೈ ಬರಲಿಲ್ಲ.

"ಅಕ್ಕನ್ನ ಕೇಳಬಹುದಿತ್ತಲ್ಲ?"

"ಕೇಳಿದ್ರೆ ಇವಳ ಕಿವಿಗೆ ಬೀಳುತ್ತೆ. ಕೊಟ್ಟೋಳು ಇವಳು. ಜೀವನಪೂರ್ತಿ ಕೊರಗ್ತಾಳೆ."

"ಕೊಟ್ಟ ಮಾರನೇ ದಿನವೇ ಗಾಡಿ ಹುಡುಕಿಕೊಂಡು ಓಡಿದ್ದೆ," ಅಂದಳು ಹೆಂಡತಿ. "ಇವತ್ತಿಗೂ ಚಿಂದಿ ಗಾಡಿ ಬಂದ್ರೆ ನಿಲ್ಲಿಸಿ ಕೆದಕ್ತೀನಿ. ನಿಮಗೆ ಗೊತ್ತಾದ್ರೆ ಸಂಕಟ ಆಗುತ್ತೆ ಅಂತ ಹೇಳಲಿಲ್ಲ."

ಹೆಡ್ ಕಾನ್‌ಸ್ಟೇಬಲ್ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡ. ಆದರೂ ಕಾನೂನು ಕಾನೂನೇ. ಜಪ್ತಿ ಪಂಚನಾಮೆ ಮುಗಿಸಿ, ಮಧ್ಯಾಹ್ನ ಮೂರು ಗಂಟೆಗೆ ಆರೋಪಿಯನ್ನು ಬಂಧಿಸಿ ಠಾಣೆಗೆ ಕರೆತಂದರು. ಹೆಂಡತಿಯೂ ಜೊತೆಗೇ ಬಂದಳು.

ಚಿತ್ರ ನೋಡಿದ ಚಿಂದಿಯಕ್ಕನ ಕಣ್ಣು ತುಂಬಿ ಬಂತು. ಶಾಲು ಮುಟ್ಟಿ ನೋಡಿ, ಬದುಕಿದೆ, ಅಂದಳು. ವಿಷಯವೆಲ್ಲ ತಿಳಿದ ಮೇಲೆ ದೂರು ವಾಪಸ್ ತಗೋತೀನಿ ಎಂದು ಹಟ ಹಿಡಿದಳು. ಎಫ್‌ಐಆರ್ ಆದ ಮೇಲೆ ಅದು ನಮ್ಮಿಬ್ಬರ ಕೈಲೂ ಇಲ್ಲ, ಕೋರ್ಟಿನಲ್ಲಿ ನೀವು ಅದನ್ನೇ ಹೇಳಿ, ಜಾಮೀನಿಗೆ ನಾವು ಅಡ್ಡ ಬರುವುದಿಲ್ಲ, ಭಾನುವಾರದೊಳಗೆ ಜಪ್ತಿಯಾದ ಚಿತ್ರ ಬಿಡಿಸಿಕೊಳ್ಳಲು ಇವತ್ತೇ ಅರ್ಜಿ ಹಾಕಿ ಎಂದು ಮೇಡಂ ತಿಳಿಹೇಳಿದರು. ಹಾಗಾದರೆ ಚಿತ್ರ ಬಂದ ಕೂಡಲೇ ಜೇಬು ಬಿಡಿಸಿಕೊಡುತ್ತೇನೆ, ಶಾಲು ಹರಿದರೆ ಹರಿಯಲಿ ಅಂದಳು ಅಕ್ಕ.

"ಬೇಡ ಅಕ್ಕ, ಅಲ್ಲೇ ಇರಲಿ," ಅಂದಳು ಹೆಂಡತಿ. "ನಮ್ಮ ಮನೇಲಿದ್ರೆ ನಾವಿಬ್ಬರೂ ಮತ್ತೆ ಬಚ್ಚಿಟ್ಟುಬಿಡ್ತೀವಿ."

ಜೇಬಿನ ಬಾಯಿಗೆ ತಾನು ಅಂಟು ಹಾಕಿಲ್ಲ, ಬೇಕಾದರೆ ಕೈ ಹಾಕಿ ನೋಡು ಅಂದಳು ಅಕ್ಕ. ಆಕೆ ಎರಡು ಬೆರಳು ಒಳಗಿಟ್ಟಳು. ಆಮೇಲೆ ಗಂಡನ ಪಕ್ಕ ಬೆಂಚಿನ ಮೇಲೆ ಕೂತು ಮಗಳ ಹೆಸರು ಹೇಳಿದಳು. ಅವನೂ ಹೇಳಿದ. ನಾಲ್ಕು ವರ್ಷ ಆ ಮನೆಯಲ್ಲಿ ಯಾರೂ ಎತ್ತದ ಹೆಸರು ಅದು. ಮಗಳು ಹಟ ಮಾಡುತ್ತಿದ್ದ ರೀತಿ ನೆನೆದು ಇಬ್ಬರೂ ಅಳುತ್ತಲೇ ನಗತೊಡಗಿದರು.

ಆರೋಪಿಯನ್ನು ಲಾಕಪ್ಪಿಗೆ ಹಾಕಲೇ ಎಂದು ಹೆಡ್ ಕಾನ್‌ಸ್ಟೇಬಲ್ ಮೆಲ್ಲಗೆ ಕೇಳಿದ. ಅವರ ಮಾತು ಮುಗಿಯಲಿ ಅಂದರು ಮೇಡಂ.